ಇಕ್ಕಳ ಕೆಳಗಿತ್ತು

ನಮ್ಮೂರಿನಲ್ಲಿ ವೈರಿಂಗ್ ಕೆಲಸಕ್ಕೆ ಸೇರಿದವನಿಗೆ ಮೊದಲು ಹೇಳಿಕೊಡುವುದು ಕರೆಂಟಿನ ಬಗ್ಗೆ ಅಲ್ಲ, ಇಕ್ಕಳದ ಬಗ್ಗೆ. ಕರೆಂಟು ಹೊಡೆದರೆ ಒಬ್ಬನಿಗೆ ಹೊಡೆಯುತ್ತದೆ, ಅವನು ತಾನೇ ಬುದ್ಧಿ ಕಲಿಯುತ್ತಾನೆ. ಇಕ್ಕಳ ಮರೆತರೆ ಹಾಗಲ್ಲ. ನನಗೆ ಕೆಲಸ ಕಲಿಸಿದ ದಸ್ತಗೀರ್ ಸಾಬರು ಮೊದಲ ದಿನವೇ ಒಂದು ಕೇಬಲ್ ಟೈಯನ್ನು ನನ್ನ ಮೂಗಿನ ಮುಂದೆ ಹಿಡಿದು, "ಇದರ ಬಾಲ ಐತಲ್ಲ, ಇದನ್ನ ಬೇರೆಯೋರ ಮನೇಲಿ ಬೆರಳಿಂದ ಯಾವತ್ತೂ ಎಳೀಬ್ಯಾಡ. ಇಕ್ಕಳದಾಗೇ ಎಳಿ," ಎಂದಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಊರಿಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ನನಗೂ ಗೊತ್ತಾಗಿತ್ತು.

ಕೇಬಲ್ ಟೈ ಎಂದರೆ ಮಹಾ ಯಂತ್ರವೇನಲ್ಲ. ಗೇಣುದ್ದದ ಪ್ಲಾಸ್ಟಿಕ್ ಪಟ್ಟಿ, ಒಂದು ತುದಿಯಲ್ಲಿ ತೂತಿರುವ ತಲೆ, ಪಟ್ಟಿಯ ಒಳಮೈಗೆ ಸಣ್ಣ ಹಲ್ಲು. ಗೋಡೆಯ ಕೊಂಡಿಗೂ ವೈರಿಗೂ ಸೇರಿಸಿ ಸುತ್ತಿ, ಬಾಲವನ್ನು ತಲೆಯೊಳಗೆ ತೂರಿಸಿ ಎಳೆದರೆ ಕರಕರ ಎಂದು ಬಿಗಿಯುತ್ತದೆ. ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಬಿಗಿ ಜಾಸ್ತಿಯಾಯಿತು ಎಂದು ಆಮೇಲೆ ಸಡಿಲಿಸಲು ಹೋದರೆ ಆಗದು, ಕತ್ತರಿಸಿ ಬಿಸಾಡಿ ಹೊಸದು ಹಾಕಬೇಕು. ವೈರಿನ ಮೈಯನ್ನು ಕಚ್ಚಬಾರದು, ವೈರು ಜೋಲಲೂಬಾರದು. ಬೆರಳಿಂದ ನೂಕಿದರೆ ಟೈ ಒಂದು ಕೂದಲಷ್ಟು ಜರುಗಬೇಕು. ಅಷ್ಟು ಹದ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಬೇರೆ ಊರುಗಳಲ್ಲಿ ವೈರನ್ನು ಗೋಡೆಯೊಳಗೆ ಹೂತು ಮೇಲೆ ಗಾರೆ ಮೆತ್ತುತ್ತಾರೆ. ನಮ್ಮೂರಿನಲ್ಲಿ ವೈರೆಲ್ಲ ಗೋಡೆಯ ಹೊರಮೈಯಲ್ಲೇ ಹೋಗುತ್ತದೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ. ಕಾಣಲಿ ಎಂದೇ ಹಾಗೆ ಮಾಡುವುದು.

ಹೊಸ ಮನೆಗೆ ವೈರು ಎಳೆದ ದಿನ ಆ ಮನೆಯವರು ಒಬ್ಬೊಬ್ಬರೂ ಒಂದೊಂದು ಟೈಯನ್ನು ತಮ್ಮ ಕೈಯಿಂದಲೇ ಎಳೆದು ಬಿಗಿಯುತ್ತಾರೆ. ಎಳೆಗೂಸಾದರೆ ತಾಯಿ ಅದರ ಬೆರಳುಗಳನ್ನು ಬಾಲಕ್ಕೆ ಹಿಡಿಸಿ ಎಳೆಸುತ್ತಾಳೆ. ಆ ಟೈಗಳ ಬಾಲ ಕತ್ತರಿಸುವುದಿಲ್ಲ, ಅದರ ಮೇಲೆ ಮಸಿಯಲ್ಲಿ ಹೆಸರು ಬರೆಯುತ್ತಾರೆ. ಮಿಕ್ಕ ನೂರಾರು ಟೈಗಳನ್ನು ನಾವು ವೈರಿಂಗಿನವರು ಇಕ್ಕಳದಲ್ಲಿ ಎಳೆದು ಬಾಲ ಕತ್ತರಿಸಿ ಹೋಗುತ್ತೇವೆ, ಅವು ಯಾರವೂ ಅಲ್ಲ. ಕೈಯಿಂದ ಎಳೆದ ಟೈ ಮಾತ್ರ ಎಳೆದವರದು. ಅವರು ಸತ್ತ ದಿನ ಅದು ಮುರಿಯುತ್ತದೆ. ಇಲ್ಲವೇ ಆ ಮನೆಯನ್ನು ಮನಸ್ಸಿನಿಂದ ಬಿಟ್ಟ ದಿನ ಮುರಿಯುತ್ತದೆ. ಯಾವ ಕಾರಣಕ್ಕೆ ಮುರಿಯಿತು ಎಂದು ಅದು ಹೇಳುವುದಿಲ್ಲ.

ಇದಕ್ಕೆ ಜನ ಹೊಂದಿಕೊಂಡುಬಿಟ್ಟಿದ್ದಾರೆ. ಮಗಳನ್ನು ಕೊಟ್ಟ ತಾಯಂದಿರು ತಿಂಗಳುಗಟ್ಟಲೆ ಗೋಡೆ ನೋಡುತ್ತಾರೆ. ಟೈ ಬೇಗ ಮುರಿದರೆ ಮಗಳು ಸುಖವಾಗಿದ್ದಾಳೆ ಎಂದು ಸಮಾಧಾನ, ಇಷ್ಟು ಬೇಗ ಮರೆತಳಲ್ಲ ಎಂದು ಸಂಕಟ, ಎರಡೂ ಒಟ್ಟಿಗೇ. ಬೀಗರು ಬಂದರೆ ಚಾ ಲೋಟ ಕೈಗೆ ಬರುವ ಮೊದಲೇ ಅವರ ಕಣ್ಣು ವೈರಿನ ಮೇಲೆ ಹೋಗಿರುತ್ತದೆ. ಅಂಚೆ ಕಚೇರಿ ಬೀದಿಯ ಗುಮಾಸ್ತನೊಬ್ಬನ ಟೈ ಅವನು ಮನೆಯಲ್ಲೇ ಕೂತು ಊಟ ಮಾಡುತ್ತಿದ್ದಾಗ ಪಟ್ಟೆಂದು ಮುರಿದು ಸಾರಿನ ಪಾತ್ರೆಗೆ ಬಿತ್ತು. ಅವನು ಎಲ್ಲೂ ಹೋಗಲಿಲ್ಲ. ಇಪ್ಪತ್ತು ವರ್ಷದಿಂದ ಅದೇ ಮನೆಯಲ್ಲಿ ಉಣ್ಣುತ್ತಿದ್ದಾನೆ, ಹೆಂಡತಿ ಅದೇ ಸಾರು ಬಡಿಸುತ್ತಿದ್ದಾಳೆ. ಊರಿನವರು ಅದನ್ನು ಹೇಳಿಕೊಂಡು ನಗುತ್ತಾರೆ. ನಾನು ಮೊದಮೊದಲು ನಕ್ಕಿದ್ದೆ.

ಮನೆಯ ಯಜಮಾನನೋ ಯಜಮಾನಿಯೋ ಬೇಕಾದರೆ ಯಾರ ಟೈಯನ್ನಾದರೂ ತಾವೇ ಕತ್ತರಿಸಬಹುದು. ಹಾಗೆ ಮಾಡಿದವರು ಕಡಿಮೆ. ಕತ್ತರಿಸಿದರೆ ಎಳೆದವರಿಗೆ ಎಲ್ಲಿದ್ದರೂ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಏನೂ ಗೊತ್ತಾಗುವುದಿಲ್ಲ ಎನ್ನುವವರೇ ಹೆಚ್ಚು.

ವರ್ಷಕ್ಕೆ ಎರಡು ಸಲ, ಯುಗಾದಿ ಕಳೆದ ಮೇಲೊಮ್ಮೆ, ದೀಪಾವಳಿಗೆ ಮುಂಚೆ ಒಮ್ಮೆ, ನಾವು ಏಣಿ ಹೊತ್ತು ಮನೆಮನೆಗೆ ಹೋಗುತ್ತೇವೆ. ಕೈಗೆಟುಕದ ಕಡೆ ಇರುವ ವೈರು, ಕೊಂಡಿ, ಟೈ ಎಲ್ಲ ನೋಡಿ ಹೇಳುವುದು ನಮ್ಮ ಕೆಲಸ. ಮುರಿದದ್ದು ಸಿಕ್ಕಿದರೆ ಕಾಗದದಲ್ಲಿ ಸುತ್ತಿ ಮನೆಯವರ ಕೈಗೆ ಕೊಡಬೇಕು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಇದಕ್ಕೇ ಜನ ನಮ್ಮನ್ನು ಕಂಡರೆ ಮರ್ಯಾದೆ ಕೊಟ್ಟು ದೂರ ಇಡುವುದು. ಏಣಿಯ ಮೇಲಿದ್ದಾಗ ನೀರು ಕೊಡುತ್ತಾರೆ, ಇಳಿದ ಮೇಲೆ ಬಾಗಿಲವರೆಗೆ ಬಂದು ಕಳಿಸುತ್ತಾರೆ. ಕೂತುಕೊಳ್ಳಿ ಎನ್ನುವುದಿಲ್ಲ. ಸಾವಿನ ಸುದ್ದಿ ತರುವ ಕಾಲುಗಳಿಗೆ ಕುರ್ಚಿ ಯಾಕೆ ಹಾಕಬೇಕು, ಅವರದೂ ತಪ್ಪಲ್ಲ.

ನಾನು ಹೊರಗಿನವನು. ದಸ್ತಗೀರ್ ಸಾಬರ ಎಲೆಕ್ಟ್ರಿಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇದ್ದೇನೆ. ಅಲ್ಲಿಯ ವೈರಿಂಗ್ ನಾನು ಬರುವ ಮೊದಲೇ ಆಗಿತ್ತು, ಅದರ ಟೈಗಳಲ್ಲಿ ಒಂದರಲ್ಲೂ ನನ್ನ ಹೆಸರಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಗೋಡೆಗಳಿಗೆ ನಾನು ಹಾಕಿದ ಟೈಗಳನ್ನು ಒಂದಕ್ಕೊಂದು ಪೋಣಿಸಿದರೆ ಊರನ್ನೇ ಎರಡು ಸುತ್ತು ಸುತ್ತಬಹುದು. ಅಷ್ಟೊಂದು ಟೈಗಳಲ್ಲಿ ನನ್ನದು ಒಂದೂ ಇರಲಿಲ್ಲ. ಹಾಗಂತ ನಾನು ನಂಬಿದ್ದೆ.

ನನ್ನ ಕೋಣೆಯ ಕಿಟಕಿಗೆ ಎದುರಾಗಿ ನೀಲಕ್ಕನ ಮನೆ. ಪೂರ್ತಿ ಹೆಸರು ನೀಲಾಂಬಿಕೆ. ಸೀರೆಗೆ ಫಾಲ್ ಹೊಲಿದು ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಿದ್ದಳು. ಗಂಡ ಪಾಲಾಕ್ಷ ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಊರೂರು ತಿರುಗುವವನು. ಆರಡಿಗೂ ಮೇಲೆ ಎತ್ತರ, ದನಿ ಅದಕ್ಕಿಂತ ಎತ್ತರ. ಆ ಮನೆಗೆ ವೈರು ಎಳೆದವನು ನಾನೇ. ನೀಲಕ್ಕ ತನ್ನ ಟೈಯನ್ನು ಸ್ವಿಚ್ ಬೋರ್ಡಿನ ಪಕ್ಕ, ತನಗೆಟುಕುವ ಕಡೆ ಬಿಗಿದಳು. ಪಾಲಾಕ್ಷ ಕುರ್ಚಿಯ ಮೇಲೆ ಸ್ಟೂಲು ಇಟ್ಟು ಹತ್ತಿ, ನಡುಮನೆಯ ಗವಾಕ್ಷಿಯ ಮೇಲೆ, ವೈರು ಜಗುಲಿಯ ದೀಪದ ಕಡೆ ತಿರುಗುವ ತೊಲೆಯ ಸಂದಿಯಲ್ಲಿ ಬಿಗಿದ. "ಇಲ್ಲಿ ಹಾಕಿದ್ರೆ ಯಾರ ಕಣ್ಣೂ ಬೀಳಲ್ಲ ನೋಡು," ಎಂದು ನಕ್ಕ. ಕೆಳಗಿನಿಂದ ಟಾರ್ಚು ಬಿಟ್ಟರೆ ಅದರ ತಲೆ ಮತ್ತು ಸುತ್ತು ಕಾಣುತ್ತಿದ್ದವು. ಹೆಸರು ಬರೆದ ಬಾಲ ತೊಲೆಯ ಆಚೆ ಬದಿಗೆ ಹೋಗಿತ್ತು.

ಮನೆಯಾಗಿ ನಾಲ್ಕನೆಯ ವರ್ಷ ಅವನು ಲಾರಿಯ ಜೊತೆ ಹೋದವನು ಬರಲಿಲ್ಲ. ಎರಡು ವರ್ಷ ಕಾಗದ ಬಂತು, ಆಮೇಲೆ ಅದೂ ನಿಂತಿತು. ನೀಲಕ್ಕ ಕಂಗೆಡಲಿಲ್ಲ. ಕಾಗದ ನಿಂತರೆ ಏನಾಯಿತು, ಟೈ ಇದೆಯಲ್ಲ. ಅವಳಿಗೆ ಎತ್ತರ ಎಂದರೆ ತಲೆ ಸುತ್ತುತ್ತಿತ್ತು, ಹೀಗಾಗಿ ವರ್ಷಕ್ಕೆ ಎರಡು ಸಲ ನಾನು ಏಣಿ ಹತ್ತುತ್ತಿದ್ದೆ, ಅವಳು ಎರಡೂ ಕೈಯಲ್ಲಿ ಏಣಿ ಹಿಡಿದು ಮೇಲೆ ನೋಡದೆ ಕೇಳುತ್ತಿದ್ದಳು, "ಐತಾ?"

"ಐತೆ," ಎನ್ನುತ್ತಿದ್ದೆ.

ಅವನು ಹೋದ ಮೇಲಿನ ಐದು ವರ್ಷ ನಮ್ಮಿಬ್ಬರ ನಡುವೆ ಆದ ಮಾತುಕತೆ ಅಷ್ಟೇ.

ಐದನೆಯ ವರ್ಷದ ದೀಪಾವಳಿ ಸುತ್ತಿನಲ್ಲಿ ನಾನು ಏಣಿ ಹತ್ತಿ ಟಾರ್ಚು ಬಿಟ್ಟೆ. ಕೆಳಗಿನಿಂದ "ಐತಾ?" ಎಂದು ಕೇಳಿಸಿತು. "ಐತೆ," ಎಂದೆ. ನಾಲಿಗೆಗೆ ಅಭ್ಯಾಸವಾಗಿತ್ತು, ಅದು ಕಣ್ಣಿಗಾಗಿ ಕಾಯಲಿಲ್ಲ. ಆಮೇಲೆ ನೋಡಿದರೆ ಟೈ ತಲೆಯ ಹತ್ತಿರವೇ ಮುರಿದು ಬಾಯಿ ಬಿಟ್ಟುಕೊಂಡು ಕೊಂಡಿಗೆ ನೇತಾಡುತ್ತಿತ್ತು. ಪಾಲಾಕ್ಷ ಎಂದು ಬರೆದ ಮಸಿ ಇನ್ನೂ ಮಾಸಿರಲಿಲ್ಲ.

ಇಲ್ಲ, ತಪ್ಪು ಹೇಳಿದೆ ಎನ್ನಬೇಕೆಂದು ಕೆಳಗೆ ನೋಡಿದೆ. ನೀಲಕ್ಕ ಏಣಿಯ ಮೆಟ್ಟಿಲಿಗೆ ಹಣೆ ಆನಿಸಿ ನಿಂತಿದ್ದಳು. ಉಸಿರು ಬಿಡುತ್ತಿದ್ದಳು, ಆರು ತಿಂಗಳಿನಿಂದ ಹಿಡಿದಿಟ್ಟದ್ದನ್ನು ಬಿಟ್ಟ ಹಾಗೆ. ಆ ನೆತ್ತಿ, ಆ ಬೈತಲೆ ನೋಡಿದ ಮೇಲೆ ನನಗೆ ಬಾಯಿ ಬರಲಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಅದನ್ನು ನಿಜ ಮಾಡುವುದು ಸುಲಭ ಎನಿಸಿತು. ಅಂಗಿಯ ಜೇಬಿನಲ್ಲಿ ಎರಡು ಟೈ ಇದ್ದವು. ಇಕ್ಕಳ ಕೆಳಗಿತ್ತು, ಚೀಲದಲ್ಲಿ, ಅವಳ ಕಾಲ ಬಳಿ. ಬರೀ ನೋಡಲು ಹತ್ತಿದವನಿಗೆ ಇಕ್ಕಳ ಯಾಕೆ ಎಂದು ಅವಳು ಕೇಳಿಯೇ ಕೇಳುತ್ತಿದ್ದಳು.

ಮುರಿದದ್ದನ್ನು ಜೇಬಿಗೆ ಹಾಕಿಕೊಂಡೆ. ಹೊಸದನ್ನು ಸುತ್ತಿ, ಬಾಲ ತೂರಿಸಿ, ಬೆರಳಿಂದ ಎಳೆದೆ. ಕರಕರ ಸದ್ದು ಕೇಳಿಸದಿರಲಿ ಎಂದು ಕೆಮ್ಮಿದೆ.

"ಧೂಳೇನ್ರಿ?" ಎಂದಳು.

"ಹೂಂ, ಧೂಳು."

ಇಳಿದು ಏಣಿ ಮಡಿಸುತ್ತಿದ್ದಾಗ ಅವಳು ಒಳಗಿನಿಂದ ಕುರ್ಚಿ ತಂದು ಜಗುಲಿಯಲ್ಲಿ ಹಾಕಿ, "ಕೂತ್ಕೊಳ್ರಿ ಗುರುಪಾದಪ್ಪ, ಧೂಳು ಕುಡಿದೀರಿ, ಚಾ ಕುಡಿದು ಹೋಗ್ರಿ," ಎಂದಳು. ಈ ಊರಿಗೆ ಬಂದ ಮೇಲೆ ಒಬ್ಬರು ನನಗೆ ಕುರ್ಚಿ ಹಾಕಿದ್ದು ಅದೇ ಮೊದಲು. ಹೆಸರು ಹಿಡಿದು ಕರೆದದ್ದೂ ಬಹುಶಃ ಅದೇ ಮೊದಲು. ನಾನು ಕೂತೆ. ಜೇಬಿನಲ್ಲಿ ಪಾಲಾಕ್ಷನ ಟೈ ಎದೆಗೆ ಚುಚ್ಚುತ್ತಿತ್ತು. ಚಾ ಚೆನ್ನಾಗಿತ್ತು. ಎರಡೂ ನಿಜ.

ಆಮೇಲೆ ಏಳು ವರ್ಷ. ಲೆಕ್ಕ ಹಾಕಿದರೆ ಹದಿನಾಲ್ಕು ಸಲ ಅವಳು ಐತಾ ಎಂದಳು, ನಾನು ಐತೆ ಎಂದೆ. ಸುತ್ತಿನ ದಿನ ಬಿಟ್ಟು ಬೇರೆ ದಿನಗಳಲ್ಲೂ ಹೋಗತೊಡಗಿದೆ. ಒಂದು ದಿನ ಹೊಲಿಗೆ ಮಿಷನ್ನಿನ ಮೋಟರು, ಇನ್ನೊಂದು ದಿನ ಫ್ಯಾನಿನ ರೆಗ್ಯುಲೇಟರು, ಮತ್ತೊಂದು ದಿನ ಕೆಟ್ಟದ್ದು ಏನೂ ಇರಲಿಲ್ಲ, ಸುಮ್ಮನೆ ಹೋಗಿದ್ದೆ. ಕುರ್ಚಿ ಜಗುಲಿಯಲ್ಲೇ ಇರುತ್ತಿತ್ತು. ಅವಳು ಸೆರಗಿನ ದಾರ ಹಂಚಿ ಕುಚ್ಚು ಕಟ್ಟುತ್ತಾ ಪಾಲಾಕ್ಷನ ವಿಷಯ ಹೇಳುತ್ತಿದ್ದಳು, ಅವನು ಹೇಗೆ ನಗುತ್ತಿದ್ದ, ಬದನೆಕಾಯಿ ಕಂಡರೆ ಹೇಗೆ ಮುಖ ಮಾಡುತ್ತಿದ್ದ. ಗಂಟು ತಪ್ಪಿದರೆ ಉಗುರಿನಿಂದ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನನಗೆ ಅವಳ ಕೆಲಸ ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಕೆಲಸದಲ್ಲಿ ಬಿಚ್ಚುವುದು ಎಂಬುದೇ ಇಲ್ಲ. ಸಂಜೆ ಕತ್ತಲಾಗುವ ಮೊದಲು ಅವಳು ಜಗುಲಿಯ ದೀಪ ಹಾಕುತ್ತಿದ್ದಳು, ಬರುವವನಿಗೆ ಮೆಟ್ಟಿಲು ಕಾಣಲಿ ಎಂದು. ಅದು ಹತ್ತಿದ್ದು ನೋಡಿ ನಾನು ಎದ್ದು ಹೋಗುತ್ತಿದ್ದೆ.

ನಡುವೆ ಅವಳ ಅಣ್ಣ ಬಂದಿದ್ದ. ಅವನ ಊರಿನಲ್ಲಿ ಹೊಲಿಗೆ ಕಲಿಸುವ ಶಾಲೆ ತೆರೆದಿದ್ದರಂತೆ, ಟೀಚರು ಬೇಕಂತೆ, ಬಾ ನನ್ನ ಜೊತೆ ಎಂದು ಎರಡು ದಿನ ಕೂತು ಒತ್ತಾಯ ಮಾಡಿದ. ನೀಲಕ್ಕ ಅವನನ್ನು ತೊಲೆಯ ಕೆಳಗೆ ನಿಲ್ಲಿಸಿ ಟಾರ್ಚು ಬಿಟ್ಟು ತೋರಿಸಿದಳು. ಅವನು ಸುಮ್ಮನಾಗಿ ಹೊರಟುಹೋದ. ಆ ದಿನವೇ ನಾನು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ಅವಳು ಹೋಗದೆ ಉಳಿದದ್ದು ನನಗೆ ಸಂತೋಷವಾಗಿತ್ತು. ನಾನು ಒಳ್ಳೆಯವನು ಎಂದು ಯಾರಾದರೂ ಅಂದರೆ ನನಗೆ ನೆನಪಾಗುವುದು ಆ ಸಂತೋಷ.

ಒಂದು ಸಲ ನಾನೂ ಹೊರಟಿದ್ದೆ. ದಸ್ತಗೀರ್ ಸಾಬರ ಸಂಬಂಧಿಕರೊಬ್ಬರು ದೊಡ್ಡ ಊರಿನಲ್ಲಿ ಕೆಲಸ ಕೊಡಿಸಿದ್ದರು, ಇರಲು ಮನೆಯೂ ಇತ್ತು. ಟ್ರಂಕು ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಕೂತೆ. ಎರಡು ಬಸ್ಸು ಕಣ್ಣೆದುರೇ ಹೋದವು. ಮೂರನೆಯದು ಬರುವ ಮೊದಲು ಎದ್ದು ವಾಪಸು ಬಂದೆ. ಬೆನ್ನು ನೋವು ಎಂದು ಸಾಬರಿಗೆ ಹೇಳಿದೆ. ಅವರು ನನ್ನ ಬೆನ್ನು ನೋಡಲಿಲ್ಲ, ಮುಖ ನೋಡಿದರು.

ಈ ವರ್ಷ ಯುಗಾದಿ ಕಳೆದು ವಾರಕ್ಕೆ ಒಂದು ಕಾಗದ ಬಂತು, ಪಾಲಾಕ್ಷನ ಜೊತೆ ಕೆಲಸ ಮಾಡುತ್ತಿದ್ದ ಲಾರಿ ಡ್ರೈವರನದು. ಪಾಲಾಕ್ಷ ಜ್ವರ ಬಂದು ತೀರಿಕೊಂಡ, ಇಲ್ಲಿ ಅವನ ಹೆಂಡತಿ ಮತ್ತು ಆರು ವರ್ಷದ ಮಗಳು ಇದ್ದಾರೆ, ಟ್ರಂಕಿನ ಅಡಿಯಲ್ಲಿ ಈ ವಿಳಾಸ ಸಿಕ್ಕಿತು, ತಿಳಿಸದಿದ್ದರೆ ತಪ್ಪಾದೀತು ಎಂದು ಬರೆದಿದ್ದ. ಸುದ್ದಿ ಕೇಳಿ ಬೀದಿಯ ಜನ ಬಂದರು. ಬಂದವರು ಅಳಲಿಲ್ಲ, ಟಾರ್ಚು ತಂದಿದ್ದರು. ಒಬ್ಬರಾದ ಮೇಲೆ ಒಬ್ಬರು ತೊಲೆಯ ಕೆಳಗೆ ನಿಂತು ನೋಡಿ, ಟೈ ಗಟ್ಟಿಯಾಗಿದೆ, ಇದು ಯಾರೋ ಬೇರೆ ಪಾಲಾಕ್ಷ ಎಂದು ತೀರ್ಮಾನ ಮಾಡಿ ಹೋದರು.

ಎಲ್ಲರೂ ಹೋದ ಮೇಲೆ ನಾನು ಹೋದೆ. ನೀಲಕ್ಕ ಅಡುಗೆ ಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅವಳ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ಕಂಡಿರಲಿಲ್ಲ.

"ಹೆಸರು ಯಾರದ್ದಾರ ಇರಲಿ, ವಿಳಾಸ ಅಂತೂ ನಮ್ಮದೇ ಅಲ್ಲೇನ್ರಿ," ಎಂದಳು. "ಅಂದ್ರೆ ಅವರು ಆ ಊರಾಗೆ ಇದ್ದಿದ್ದು ಖರೆ. ಯಾರ ಕೈಗೋ ವಿಳಾಸ ಕೊಟ್ಟಾರೆ. ನಾನೇ ಹೋಗಿ ಹುಡುಕ್ತೀನಿ. ನಾಳೆ ಎರಡು ಗಂಟೆ ಬಸ್ಸಿಗೆ ಹೊಂಟೀನಿ." ಕೈ ಒರೆಸಿಕೊಂಡು ಬಂದು ಮನೆಯ ಇನ್ನೊಂದು ಬೀಗದ ಕೈ ಕೊಟ್ಟಳು. "ಬರೋ ಮಟ ಮನೆ ಕಡೆ ಒಂದು ಕಣ್ಣಿಡ್ರಿ. ಸಂಜೆ ಜಗುಲಿ ದೀಪ ಹಾಕ್ರಿ. ನಿಮ್ಮನ್ನ ಬಿಟ್ರೆ ಯಾರಿಗೆ ಹೇಳಲಿ."

ಕೀಲಿ ಹಿಡಿದುಕೊಂಡು ಕೋಣೆಗೆ ಬಂದೆ. ನಾನು ಸುಮ್ಮನಿದ್ದರೆ ಅವಳು ಚಕ್ಕುಲಿ ಡಬ್ಬಿ ಹಿಡಿದುಕೊಂಡು ಹೋಗಿ ಆ ಇನ್ನೊಬ್ಬ ಹೆಂಗಸಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಆ ಮಗು ಬಾಗಿಲು ತೆರೆಯುತ್ತದೆ. ಹೇಳಿದರೆ ನನ್ನ ಕುರ್ಚಿ ಹೋಗುತ್ತದೆ. ಇಷ್ಟೇ ಇದ್ದದ್ದು. ಇದನ್ನು ಬೆಳಗಿನ ತನಕ ತೂಗುತ್ತಾ ಕೂತೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಮರುದಿನ ಹನ್ನೊಂದು ಗಂಟೆಗೆ ಪೆಟ್ಟಿಗೆಯ ತಳದಿಂದ ಆ ಮುರಿದ ಟೈಯನ್ನು ತೆಗೆದು, ಕಾಗದದಲ್ಲಿ ಸುತ್ತಿ, ಏಳು ವರ್ಷ ತಡವಾಗಿ ಮನೆಯವರ ಕೈಗೆ ಕೊಟ್ಟೆ. ಅವಳು ಹೊಸ ಸೀರೆ ಉಟ್ಟು ತಯಾರಾಗಿದ್ದಳು. ಕಾಗದ ಬಿಡಿಸಿ ಬಾಲದ ಮೇಲಿನ ಹೆಸರು ಓದಿದಳು.

"ಇದು ಯಾವಾಗಿಂದು?"

"ಏಳು ವರ್ಷ ಆತು. ಆ ದೀಪಾವಳಿ ಸುತ್ತಿಂದು. ನೀವು ಕೇಳಿದ್ರಿ, ಬಾಯಿಗೆ ಐತೆ ಅಂತ ಬಂದುಬಿಡ್ತು. ಆಮೇಲೆ ಹೇಳೋಕೆ ಧೈರ್ಯ ಬರಲಿಲ್ಲ."

ಏಳು ವರ್ಷವನ್ನೂ ಡ್ರೈವರನ ಕಾಗದದಲ್ಲಿದ್ದ ಆರು ವರ್ಷದ ಮಗಳನ್ನೂ ಅವಳು ಕೂಡಿಸುತ್ತಿದ್ದದ್ದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ಆಮೇಲೆ ತಲೆ ಎತ್ತಿ ತೊಲೆಯ ಕಡೆ ನೋಡಿದಳು.

"ಹಂಗಾದ್ರೆ ಮೇಲಿರೋದು ಯಾವುದು?"

"ನಾನು ಹಾಕಿದ್ದು."

"ಏಣಿ ತಗೊಂಡು ಬಾ," ಎಂದಳು. ಬನ್ನಿ ಅನ್ನಲಿಲ್ಲ.

ತಂದು ಆನಿಸಿದೆ. ನಾನು ಹತ್ತಲು ಹೋದರೆ ತಡೆದಳು. ಸ್ಟೂಲು ಕಂಡರೆ ತಲೆ ಸುತ್ತುವ ಹೆಂಗಸು ಹೊಸ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನನ್ನ ಚೀಲದಿಂದ ಕಟ್ಟರು ತೆಗೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಎರಡೂ ಕೈಯಲ್ಲಿ ಏಣಿ ಹಿಡಿದು ಕೆಳಗೆ ನಿಂತೆ. ಅವಳ ಕಾಲು ನಡುಗುವುದು ಏಣಿಯ ಮೂಲಕ ನನ್ನ ಕೈಗೆ ತಿಳಿಯುತ್ತಿತ್ತು.

ಮೇಲೆ ಅವಳು ತೊಲೆಯ ಆಚೆ ಬದಿಗೆ ಕೈ ಹಾಕಿ ಬಾಲವನ್ನು ಬೆಳಕಿಗೆ ತಿರುಗಿಸಿ ನೋಡಿದ್ದಿರಬೇಕು.

"ಇದರ ಬಾಲ ಕತ್ತರಿಸಿಲ್ಲ," ಎಂದಳು.

"ಇಲ್ಲ."

"ಹೆಸರೂ ಇಲ್ಲ. ಹಲ್ಲಿನ ಗುರುತೂ ಇಲ್ಲ. ಇಕ್ಕಳದಾಗೆ ಎಳೆದಿದ್ರೆ ಕಚ್ಚಿದ ಗುರುತು ಇರಬೇಕಾಗಿತ್ತು. ನಮ್ಮ ಗೋಡೆ ಮೇಲೆ ನೀನು ಹಾಕಿರೋದಕ್ಕೆಲ್ಲ ತಲೆ ಹತ್ರ ಐತೆ."

ನಾನು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಯಾತರಿಂದ ಎಳೆದೆ?"

"ಇಕ್ಕಳ ಕೆಳಗಿತ್ತು," ಎಂದೆ.

ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದಾಗ ನನಗೂ ಕೇಳಿಸಿತು. ಏಳು ವರ್ಷ ನಾನು ಆ ಟೈಯನ್ನು ನೋಡಿದ್ದೆ, ಹದಿನಾಲ್ಕು ಸಲ ಟಾರ್ಚು ಬಿಟ್ಟು ನೋಡಿದ್ದೆ. ಐತೆ ಎಂದು ಹೇಳಿದ್ದೆ. ಯಾಕೆ ಇದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಬಸ್ ನಿಲ್ದಾಣದಿಂದ ಎದ್ದು ಬಂದದ್ದು ಯಾಕೆ ಎಂದೂ ಕೇಳಿಕೊಂಡಿರಲಿಲ್ಲ. ಊರಿನ ಎಳೆಗೂಸಿಗೂ ಗೊತ್ತಿರುವುದು ವೈರಿಂಗಿನವನಾದ ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೊಳೆದಿತ್ತೇನೋ. ಹೊಳೆದದ್ದರ ಮೇಲೆ ಏನನ್ನೋ ಮುಚ್ಚಿ ಇಟ್ಟಿದ್ದೆ. ನನಗೂ ಒಂದು ಮನೆ ಇತ್ತು, ಅದು ನನ್ನದಲ್ಲದ ಮನೆ. ಏಣಿಯ ಕೆಳಗೆ ನಿಂತು ನನಗೆ ಅಳು ಬಂತು.

ನೀಲಕ್ಕ ಕಟ್ಟರಿನ ಬಾಯಿ ತೆರೆದು ಟೈಗೆ ಕೊಟ್ಟದ್ದು ಕಾಣಿಸಿತು. ಒತ್ತಲಿಲ್ಲ. ಹಾಗೇ ಹಿಡಿದಿದ್ದಳು. ಆಮೇಲೆ ಕಟ್ಟರು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ನೆಲದ ಮೇಲೆ ನಿಂತ ಮೇಲೂ ಸ್ವಲ್ಪ ಹೊತ್ತು ಏಣಿ ಬಿಡಲಿಲ್ಲ.

"ನನ್ನ ಗಂಡ ನನ್ನ ಬಿಟ್ಟಿದ್ದು ಏಳು ವರ್ಷದ ಹಿಂದೆ," ಎಂದಳು. "ನಾನು ಆವತ್ತೇ ಅತ್ತು ಮುಗಿಸಬೇಕಿತ್ತು. ನಮ್ಮಣ್ಣನ ಜೊತೆ ಹೋಗಬೇಕಿತ್ತು. ಮಕ್ಕಳಿಗೆ ಹೊಲಿಗೆ ಕಲಿಸಬೇಕಿತ್ತು. ನೀನು ನನಗೆ ಅದನ್ನೆಲ್ಲ ಮಾಡೋಕೆ ಬಿಡಲಿಲ್ಲ. ನಾನು ಮೇಲೆ ನೋಡ್ಕೊಂಡು ಕೂತೆ. ನಿನ್ನ ಟೈ ನೋಡ್ಕೊಂಡು ಕೂತೆ."

"ತಪ್ಪಾತು," ಎಂದೆ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು.

"ಇನ್ನು ಈ ಮನೆಗೆ ಬರಬ್ಯಾಡ. ಅದನ್ನ ಕತ್ತರಿಸೋದು ಬಿಡೋದು ನನ್ನ ಕೈಲಿ ಐತೆ. ಇವತ್ತೇ ಕತ್ತರಿಸ್ತೀನೋ, ನಾಳೆನೋ, ಇನ್ನು ಹತ್ತು ವರ್ಷಕ್ಕೋ. ಕತ್ತರಿಸಿದ ದಿನ ನಿನಗೆ ಮಾತ್ರ ಹೇಳಲ್ಲ." ಕೈ ಚಾಚಿದಳು. ಬೀಗದ ಕೈ ಕೊಟ್ಟೆ. ಕಟ್ಟರು ಅವಳ ಸೊಂಟದಲ್ಲೇ ಉಳಿಯಿತು, ಕೇಳಲಿಲ್ಲ.

ಎರಡು ಗಂಟೆಯ ಬಸ್ಸು ಅವಳಿಲ್ಲದೆ ಹೋಯಿತು. ಮೂರನೆಯ ದಿನ ಅವಳ ಅಣ್ಣ ಬಂದ, ಪಾಲಾಕ್ಷನಿಗೆ ಮಾಡಬೇಕಾದದ್ದನ್ನು ಮಾಡಿದರು. ಅವಳು ಅಣ್ಣನ ಜೊತೆ ಹೋಗಲಿಲ್ಲ. ಹೊಲಿಗೆ ಶಾಲೆಗೆ ಬೇರೆ ಟೀಚರು ಬಂದು ಎಷ್ಟೋ ಕಾಲವಾಗಿತ್ತು. ಯಾರ ಹತ್ತಿರವೂ ನನ್ನ ಬಗ್ಗೆ ದೂರಲಿಲ್ಲ. ದೂರಿದ್ದರೆ ಊರಿನವರು ನನ್ನ ಏಣಿ ಕಿತ್ತುಕೊಂಡು ಓಡಿಸುತ್ತಿದ್ದರು, ಅದು ಸುಲಭವಾಗುತ್ತಿತ್ತು. ಚಕ್ಕುಲಿಯನ್ನು ಬೀದಿಯ ಮಕ್ಕಳಿಗೆ ಹಂಚಿದಳು ಎಂದು ಕೇಳಿದೆ. ಜಗುಲಿಯ ದೀಪ ಮಾತ್ರ ಆಮೇಲೆ ಹತ್ತಲಿಲ್ಲ. ಕುರ್ಚಿ ಒಳಗೆ ಹೋಯಿತು. ಸಂಜೆ ಕಿಟಕಿಯಲ್ಲಿ ನಿಂತರೆ ನನಗೆ ಕಾಣುವುದು ಕಪ್ಪು ಜಗುಲಿ, ಕೇಳುವುದು ಒಳಗಿನ ಹೊಲಿಗೆ ಮಿಷನ್ನಿನ ಸದ್ದು.

ದೀಪಾವಳಿಯ ಸುತ್ತು ಬಂದಾಗ ಆ ಬೀದಿಗೆ ನಾನು ಹೋಗುವುದಿಲ್ಲ ಎಂದು ದಸ್ತಗೀರ್ ಸಾಬರಿಗೆ ಹೇಳಿದೆ. ಬೆನ್ನು ನೋವಾ ಎಂದರು. ಅಲ್ಲ ಎಂದೆ, ಎಲ್ಲವನ್ನೂ ಹೇಳಿದೆ. ಸಾಬರಿಗೆ ಎಪ್ಪತ್ತು ದಾಟಿದೆ, ಏಣಿ ಹತ್ತುವುದನ್ನು ಬಿಟ್ಟು ಎಂಟು ವರ್ಷವಾಗಿದೆ. ಪೂರ್ತಿ ಕೇಳಿ, ಕನ್ನಡಕ ಒರೆಸಿಕೊಂಡು, "ಮೊದಲನೇ ದಿನ ನಿನಗೆ ಏನಂತ ಹೇಳಿದ್ದೆ," ಎಂದರು. ಬೇರೆ ಬೈಯಲಿಲ್ಲ. ಮೊಳೆಗೆ ನೇತುಹಾಕಿದ್ದ ತಮ್ಮ ಹಳೆಯ ಚೀಲ ಹೆಗಲಿಗೇರಿಸಿ, ಏಣಿಯನ್ನು ಅರ್ಧ ಎತ್ತಿ ಅರ್ಧ ಎಳೆದುಕೊಂಡು ಬೀದಿ ದಾಟಿದರು.

ನಾನು ಅಂಗಡಿಯಲ್ಲಿ ಗಿರಾಕಿಗೆ ಬಲ್ಬು ಕೊಟ್ಟೆ, ಚಿಲ್ಲರೆ ತಪ್ಪಾಗಿ ಕೊಟ್ಟೆ. ನನ್ನ ಕಡೆಯಿಂದ ಆ ಟೈ ಮುರಿಯುವ ಹಾಗಿರಲಿಲ್ಲ, ಅದು ನನಗೆ ಗೊತ್ತಿತ್ತು. ಈ ಆರು ತಿಂಗಳಲ್ಲಿ ಬಿಡಬೇಕೆಂದು ಪ್ರಯತ್ನಪಟ್ಟು ಬಿಡಲಾಗದೆ ಸೋತಿದ್ದೆ. ನನಗೆ ಗೊತ್ತಿಲ್ಲದ್ದು ಅವಳ ಕೈಯಲ್ಲಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಸಾಬರು ವಾಪಸು ಬಂದರು. ಏಣಿ ಒರಗಿಸಿ, ಮೊಣಕಾಲು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತರು. ಗಡ್ಡಕ್ಕೆ ತೊಲೆಯ ಧೂಳು ಹತ್ತಿತ್ತು.

ನಾನು ಎಷ್ಟು ತಡೆದುಕೊಂಡರೂ ಕೇಳಿಯೇಬಿಟ್ಟೆ.

"ಐತಾ?"

"ಐತೆ," ಎಂದರು ಸಾಬರು, ತಕ್ಷಣ, ನನ್ನ ಕಡೆ ನೋಡದೆ. ಆಮೇಲೆ ಕೆಮ್ಮಿದರು. ಅಂಗಿಯ ಜೇಬಿನ ಮೇಲೆ ಅವರ ಕೈ ಇತ್ತು. ಜೇಬಿನಲ್ಲಿ ಏನಿದೆ ಎಂದು ನಾನು 
ಕೇಳಲಿಲ್ಲ. ನೀರಿನ ಚೊಂಬು ತಂದು ಅವರ ಮುಂದೆ ಇಟ್ಟು, ಏಣಿಯನ್ನು ಒಳಗೆ ತೆಗೆದಿಟ್ಟೆ.